ಬಿಲ್ಲೆಯ ಮೇಲಿನ ನಂಬರು

ಬೆಳಗಿನ ಆರೂವರೆ. ಸಿಂಧನೂರು ಬಸ್ ನಿಲ್ದಾಣದ ಹೊರಗೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿಯನ್ನು ಹುಡುಗ ಪೇಪರ್ ತುಂಡಿನ ಮೇಲೆ ಹಾಕುತ್ತಾನೆ, ಪಕ್ಕಕ್ಕೆ ಒಂದು ಹಿಡಿ ಒಗ್ಗರಣಿ ಸುರಿದು ನನ್ನ ಮುಂದೆ ತಳ್ಳುತ್ತಾನೆ. ಬೆನ್ನ ಹಿಂದೆ ಆಟೋದವನೊಬ್ಬ "ಕ್ಯಾಂಪ್ ಮೂರ್, ಕ್ಯಾಂಪ್ ಮೂರ್" ಎಂದು ಕೂಗುತ್ತಿದ್ದಾನೆ. ಬಿಳಿ ಬಳೆ ತೊಟ್ಟ ಇಬ್ಬರು ಹೆಂಗಸರು ಬಂಗಾಳಿಯಲ್ಲಿ ಏನೋ ಮಾತಾಡುತ್ತ ಬಂದು, ಅಚ್ಚ ರಾಯಚೂರು ಕನ್ನಡದಲ್ಲಿ ಬಾಡಿಗೆಯ ಚೌಕಾಸಿಗಿಳಿಯುತ್ತಾರೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ನಿರಾಶ್ರಿತರಿಗೆ ಎಪ್ಪತ್ತರ ದಶಕದಲ್ಲಿ ಸಿಂಧನೂರಿನ ಸುತ್ತ ಜಮೀನು ಕೊಟ್ಟು ಕೂರಿಸಿದರು. ಊರಿಗೆ ಹೆಸರಿಡುವ ತಾಪತ್ರಯ ಯಾರೂ ತೆಗೆದುಕೊಳ್ಳಲಿಲ್ಲ. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಎಂದು ನಂಬರು ಹಾಕಿದರು. ಅರ್ಧ ಶತಮಾನ ಕಳೆದಿದೆ, ನಂಬರೇ ಊರಾಗಿದೆ.

ನನ್ನ ಚೀಲದಲ್ಲಿ ಒಂದು ನೋಟ್‌ಬುಕ್ ಇದೆ. ಅದರ ಮೊದಲ ಪುಟದಲ್ಲಿ ಬರೆದುಕೊಂಡದ್ದು ಎರಡೇ ಪದ: ಕುಂಪಣಿ, ಕರಿನೀರು (ಕಡಲಾಚೆಯ ಗಡೀಪಾರು). ನಿಜಾಮರ ಕಾಲದಲ್ಲಿ ಈ ಸೀಮೆಯ ಜನ ಎರಡು ಕಡೆ ಕಾಣೆಯಾದರು. ಕೆಲವರು ದಂಗೆಯಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋದರು, ಗಲ್ಲಿಗೆ ಹೋದರು. ಕೆಲವರು ಹಟ್ಟಿಯ ಚಿನ್ನದ ಕುಂಪಣಿಯ ಬಾವಿಯಲ್ಲಿ ಇಳಿದರು. ಎರಡೂ ಬಗೆಯವರ ಹೆಸರು ಹುಡುಕುವುದು ನನಗೆ ಹತ್ತಿದ ಚಟ.

ಲಿಂಗಸುಗೂರು ಬಸ್ಸು ಊರು ದಾಟುತ್ತಲೇ ಎರಡೂ ಕಡೆ ಭತ್ತ. ಮಂಜು ಇನ್ನೂ ಗದ್ದೆಯ ಮೇಲೇ ಕೂತಿದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲಿನ ಹಸಿರು ಇದು. ಅದಕ್ಕೂ ಮುಂಚೆ ಇದು ಜೋಳದ ಎರೆಹೊಲ, ಮಳೆ ಕೈಕೊಟ್ಟರೆ ಬರೀ ಬಿರುಕು. ಚಿನ್ನದ ಗಣಿಗೆ ಆಳು ಯಾಕೆ ಸಿಕ್ಕರು ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ಈ ಹಸಿರನ್ನು ಅಳಿಸಿ ನೋಡಬೇಕು.

ಪಕ್ಕದ ಸೀಟಿನ ಹಿರಿಯರು ಟಿಕೆಟ್ಟನ್ನು ಟೊಪ್ಪಿಗೆಯೊಳಗೆ ಸಿಕ್ಕಿಸಿಕೊಂಡು ಕೇಳುತ್ತಾರೆ, "ಹಟ್ಟಿಗ್ಯಾಕ್ರಿ? ಕೆಲಸಾ?"

"ಇಲ್ರಿ ಅಜ್ಜಾರ. ನೂರು ವರ್ಷದ ಹಿಂದ ಗಣಿಯಾಗ ಇಳದವರ ಹೆಸರು ಹುಡುಕಾಕ ಹೊಂಟೀನಿ."

ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾರೆ. "ಸತ್ತೋರ ಹೆಸರು ತಗೊಂಡು ಏನ್ ಮಾಡ್ತೀರಿ? ಇದ್ದೋರ ಹೆಸರೇ ಪಟ್ಟ್ಯಾಗ ಬರವಲ್ದು."

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಬೇರೆ ಏನು ಮಾಡಲಿ?

ಮಸ್ಕಿಯಲ್ಲಿ ಇಳಿಯುತ್ತೇನೆ. ಬೆಟ್ಟದ ಮಲ್ಲಯ್ಯನ ಗುಡಿಗೆ ಹೋಗುವವರು ಆಗಲೇ ಮೆಟ್ಟಿಲು ಹತ್ತುತ್ತಿದ್ದಾರೆ. ನನಗೆ ಬೇಕಾದದ್ದು ಅಶೋಕನ ಬಂಡೆ. ದುರ್ಗದ ಗುಡ್ಡದ ಇಳಿಜಾರಿನಲ್ಲಿ, ಒಂದರ ಮೇಲೊಂದು ಒರಗಿಕೊಂಡ ಹೆಬ್ಬಂಡೆಗಳ ನಡುವೆ, ಸರಳು ಹಾಕಿದ ಕಟ್ಟೆಯೊಳಗೆ ಅದು ಕೂತಿದೆ. ಸರಳಿಗೆ ಹಣೆ ಹಚ್ಚಿ ನೋಡಿದರೂ ಮೊದಲಿಗೆ ಏನೂ ಕಾಣುವುದಿಲ್ಲ, ಕಲ್ಲಿನ ಮೈಮೇಲಿನ ಗೀರು ಅಷ್ಟೆ. ಬಿಸಿಲು ಒಂದಿಷ್ಟು ಓರೆಯಾದಾಗ ಬ್ರಾಹ್ಮಿಯ ಅಕ್ಷರಗಳು ಎದ್ದು ನಿಲ್ಲುತ್ತವೆ. ಎಂಟು ಸಾಲು.

ಕಣ್ಣು ಮುಚ್ಚಿ ದಿನಾಂಕ ನೆನಪಿಸಿಕೊಳ್ಳುತ್ತೇನೆ: 27 ಜನವರಿ 1915. ಚಳಿ ಇಳಿಯುತ್ತಿರುವ ಹೊತ್ತು, ಗುಡ್ಡದ ತುಂಬ ಒಣಗಿದ ಹುಲ್ಲು. ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಈ ಬಂಡೆಗಳ ನಡುವೆ ತೂರಿಕೊಂಡು ಬರುತ್ತಿದ್ದಾನೆ. ಅವನ ಕಣ್ಣಿಗೆ ಬೇಕಾದದ್ದು ಬೆಣಚುಕಲ್ಲಿನ ಎಳೆ. ಹಟ್ಟಿಯಿಂದ ಮಸ್ಕಿಯವರೆಗೆ ಹಾಸಿದ ಕಪ್ಪು ಶಿಲೆಯ ಪಟ್ಟಿಯಲ್ಲಿ ಚಿನ್ನ ಅಡಗಿರುವುದು ಅಂಥ ಎಳೆಗಳಲ್ಲಿಯೇ. ಕಣ್ಣಿಗೆ ಬಿದ್ದದ್ದು ಅಕ್ಷರ. ಅಲ್ಲಿಯವರೆಗೆ ಸಿಕ್ಕ ಶಾಸನಗಳೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಹೇಳುತ್ತಿದ್ದವು. ಆ ದೇವಾನಾಂಪ್ರಿಯನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ ಮೊದಲ ಕಲ್ಲು ಮಸ್ಕಿಯದು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಪಾಠವನ್ನು ಸಂಪಾದಿಸಿದರು, ಹೈದರಾಬಾದಿನ ಪುರಾತತ್ವ ಇಲಾಖೆಯ ಮೊದಲ ಪ್ರಕಟಣೆಯಾಗಿ ಅದು ಅಚ್ಚಾಯಿತು.

ಚಿನ್ನ ಹುಡುಕಿದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು ಎಂದು ನಾವೆಲ್ಲ ಶಾಲೆಯಿಂದಲೇ ಬೆರಗಿನಿಂದ ಹೇಳುತ್ತ ಬಂದಿದ್ದೇವೆ. ಈ ಗುಡ್ಡ ಹತ್ತಿದಾಗಲೆಲ್ಲ ನನ್ನ ತಲೆಯಲ್ಲಿ ಬೇರೊಂದು ಕೊರೆತ. ಬೀಡನ್ ಒಬ್ಬನೇ ಬಂದಿರಲಿಕ್ಕಿಲ್ಲ. ಮುಳ್ಳು ಸವರಿ ದಾರಿ ಮಾಡಿಕೊಟ್ಟವನು ಇರಬೇಕು, ಸಾಮಾನು ಹೊತ್ತವನು ಇರಬೇಕು, "ಇಲ್ಲೊಂದು ಕಲ್ಲಿನ ಮ್ಯಾಲ ಏನೋ ಬರದಾರ ಸಾಹೇಬ್ರ" ಎಂದ ಕುರಿ ಕಾಯುವವನೂ ಇದ್ದಿರಬಹುದು. ಕಲ್ಲಿನಲ್ಲಿ ಅಶೋಕ ಇದ್ದಾನೆ, ಪುಸ್ತಕದಲ್ಲಿ ಬೀಡನ್ ಇದ್ದಾನೆ. ಸಾಮಾನು ಹೊತ್ತವನು ಗುಡ್ಡ ಇಳಿದು ಮನೆಗೆ ಹೋದ.

ಮತ್ತೆ ಬಸ್ಸು. ಹನ್ನೊಂದರ ಬಿಸಿಲಿಗೆ ಲಿಂಗಸುಗೂರು.

ಇಲ್ಲಿ ಎರಡು ಊರಿವೆ. ಹಳೆಯ ಊರು ಕಸಬಾ ಲಿಂಗಸುಗೂರು. ಇಂದು ಬಸ್ಸು ನಿಲ್ಲುವ ಈ ಪಟ್ಟಣ ಹುಟ್ಟಿದ್ದು ಸೈನ್ಯದ ಛಾವಣಿಯಾಗಿ. ಇಂಗ್ಲಿಷ್ ಅಧಿಕಾರಿಗಳ ಕೈಯಲ್ಲಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆ ಇಲ್ಲಿ ಬೀಡುಬಿಟ್ಟಿತ್ತು. ನಿಜಾಮರು ಅದರ ಖರ್ಚಿನ ಸಾಲ ತೀರಿಸಲಾಗದೆ 1853ರಲ್ಲಿ ರಾಯಚೂರು ದೋಆಬನ್ನೇ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಗೆ ಒಪ್ಪಿಸಿದರು. ಅದು ವಾಪಸ್ಸಾದದ್ದು 1860ರಲ್ಲಿ. ಲಿಂಗಸುಗೂರು 1905ರವರೆಗೆ ಜಿಲ್ಲಾ ಕೇಂದ್ರವೇ ಆಗಿತ್ತು. ಚಾ ಅಂಗಡಿಯಲ್ಲಿ ಇದನ್ನು ಹೇಳಿದರೆ, "ಈಗ್ಲೂ ಮಾಡ್ರಿ ಅಂತ ಕೇಳಾಕತ್ತೀವಲ್ರೀ" ಎಂದು ಮಾಲೀಕರು ಚಾದ ಜೊತೆ ಅಹವಾಲನ್ನೂ ಕೊಡುತ್ತಾರೆ.

ಛಾವಣಿಯ ಕಡೆ ನಡೆಯಿರಿ ನನ್ನ ಜೊತೆ. 1858ರ ಫೆಬ್ರವರಿ ಮೊದಲ ವಾರ. ಕಹಳೆ ಊದಿದೆ. ಕ್ಯಾಪ್ಟನ್ ವಿಂಡ್‌ಹ್ಯಾಮ್ ತನ್ನ ಪಡೆ ಕಟ್ಟಿಕೊಂಡು ಕೃಷ್ಣೆಯ ಆಚೆ ಸುರಪುರದತ್ತ ಹೊರಟಿದ್ದಾನೆ. ಅಲ್ಲಿ ಬೇಡರ ದೊರೆ ರಾಜಾ ವೆಂಕಟಪ್ಪ ನಾಯಕ, ಇಪ್ಪತ್ತನಾಲ್ಕು ತುಂಬದ ಹುಡುಗ, ಎದುರು ನಿಂತಿದ್ದಾನೆ. ಫೆಬ್ರವರಿ 7ರ ರಾತ್ರಿ ಬೇಡರು ಬ್ರಿಟಿಷರ ಬಿಡಾರದ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊರೆ ರಾತ್ರೋರಾತ್ರಿ ಕೋಟೆ ಬಿಟ್ಟು ಹೈದರಾಬಾದ್ ಸೇರಿ, ಅಲ್ಲಿ ಸಿಕ್ಕಿಬಿದ್ದ.

ಮುಂದಿನದನ್ನು ಬರೆದಿಟ್ಟವನು ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಡುಗ ದೊರೆಯನ್ನು ಬೆಳೆಸಿದವನು, ದೊರೆಯ ಬಾಯಲ್ಲಿ 'ಅಪ್ಪಾ' ಎನ್ನಿಸಿಕೊಂಡವನು. (ಅದಕ್ಕೂ ಮುಂಚೆ 1839ರಲ್ಲಿ ಒಬ್ಬ ಠಕ್ಕನ ತಪ್ಪೊಪ್ಪಿಗೆಯನ್ನು ಕಾದಂಬರಿ ಮಾಡಿ ಇಂಗ್ಲೆಂಡಿನಲ್ಲಿ ಹೆಸರಾದವನು. ಕೈದಿಗಳ ಮಾತನ್ನು ಕೇಳಿಸಿಕೊಳ್ಳುವ ಕಿವಿ ಅವನಿಗಿತ್ತು.) ಸೆರೆಮನೆಯಲ್ಲಿ ಭೇಟಿಯಾದ ಹುಡುಗ ತನ್ನನ್ನು ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಎಂದು ಕೇಳಿಕೊಂಡನಂತೆ. ಮರಣದಂಡನೆ ಮೊದಲು ಗಡೀಪಾರಾಯಿತು, ಆಮೇಲೆ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ದೊರೆ ಅಲ್ಲಿಗೆ ಮುಟ್ಟಲೇ ಇಲ್ಲ. ದಾರಿಯಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿಸಿಕೊಂಡ ಎಂದು ಟೇಲರ್ ಬರೆಯುತ್ತಾನೆ. ಸುರಪುರ ಸೀಮೆಯಲ್ಲಿ ಇದನ್ನು ನಂಬದವರೂ ಇದ್ದಾರೆ.

ಇಲ್ಲಿ ನಾನು ಹೇಳಬೇಕಾದ್ದು ಒಂದಿದೆ, ಹೇಳಲು ಸ್ವಲ್ಪ ವಿಚಿತ್ರ. ಹಳೆಯ ಜೀವಗಳನ್ನು ಹುಡುಕುವವನಿಗೆ ಕೈದಿಯೇ ವಾಸಿ. ಸರ್ಕಾರ ಯಾರನ್ನು ಶಿಕ್ಷಿಸುತ್ತದೋ ಅವರನ್ನು ಚೆನ್ನಾಗಿ ಬರೆದುಕೊಳ್ಳುತ್ತದೆ. ಹೆಸರು, ಅಪ್ಪನ ಹೆಸರು, ಜಾತಿ, ಊರು, ಎತ್ತರ, ಎಡಗೆನ್ನೆಯ ಮೇಲಿನ ಕಲೆ. ಬಂಗಾಳ, ಮದ್ರಾಸು ಆಧಿಪತ್ಯಗಳಲ್ಲಿ ಜೀವಾವಧಿ ಕೈದಿಯ ಹಣೆಯ ಮೇಲೇ ಅಪರಾಧವನ್ನು ಹಚ್ಚೆ ಹೊಯ್ಯುತ್ತಿದ್ದರು, 'ಗೋದ್ನಾ' ಎಂದು ಅದರ ಹೆಸರು. ನಿಂತದ್ದು 1849ರಲ್ಲಿ. ಪೆನಾಂಗ್, ಸಿಂಗಪುರ, ಮಾರಿಷಸ್, ಕೊನೆಗೆ 1858ರ ಮಾರ್ಚ್‌ನಿಂದ ಅಂಡಮಾನ್: ಹಡಗು ಹತ್ತಿಸುವಾಗ ಎಣಿಸಿದರು, ಇಳಿಸುವಾಗ ಮತ್ತೆ ಎಣಿಸಿದರು. ಆಸ್ಟ್ರೇಲಿಯಾಕ್ಕೆ 1788ರಿಂದ 1868ರವರೆಗೆ ಬ್ರಿಟನ್ನು ಸಾಗಿಸಿದ ಕೈದಿಗಳು ಸುಮಾರು 1,62,000. ಅವರ ದಫ್ತರಗಳನ್ನು 2007ರಲ್ಲಿ ಯುನೆಸ್ಕೊ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು. ಅಲ್ಲಿನ ಮರಿಮಕ್ಕಳು ಇಂದು ಕಳ್ಳ ಮುತ್ತಜ್ಜನ ಎತ್ತರ ಎಷ್ಟು, ತೋಳಿನ ಮೇಲೆ ಯಾವ ಹಚ್ಚೆ ಇತ್ತು ಎಂದು ಮನೆಯಲ್ಲಿ ಕೂತು ಹೇಳಬಲ್ಲರು. ಒಂದು ಕಾಲದಲ್ಲಿ ಮುಚ್ಚಿಟ್ಟ ಮಾತನ್ನು ಈಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಯಾವ ತಪ್ಪೂ ಮಾಡದೆ, ದಿನಗೂಲಿಗೆ ನೆಲದೊಳಗೆ ಇಳಿದ ನಮ್ಮ ಮನುಷ್ಯನ ಎತ್ತರ ಎಷ್ಟು? ಯಾರೂ ಅಳೆಯಲಿಲ್ಲ.

ಹಟ್ಟಿಯ ದಾರಿಯಲ್ಲಿ ಭತ್ತ ಮುಗಿದು ತೊಗರಿ ಶುರುವಾಗುತ್ತದೆ, ನೆಲ ಕೆಂಪಾಗಿ ಮತ್ತೆ ಕಪ್ಪಾಗುತ್ತದೆ. ದೂರದಿಂದ ಮೊದಲು ಕಾಣುವುದು ಶಾಫ್ಟಿನ ಮೇಲಿನ ಉಕ್ಕಿನ ಗೋಪುರ, ಅದರ ತುದಿಯಲ್ಲಿ ತಿರುಗುವ ಗಾಲಿ. ಮಲ್ಲಪ್ಪ ಶಾಫ್ಟ್ ಎಂದು ಇಲ್ಲಿಯವರು ಹೆಸರು ಹಿಡಿದು ಕರೆಯುತ್ತಾರೆ, ಮನೆಯ ದನ ಕರೆದ ಹಾಗೆ. ಪಾಳಿ ಬದಲಾಗುವ ಹೊತ್ತಿಗೆ ಸೈರನ್ ಕೂಗುತ್ತದೆ, ಬೀದಿಯ ನಾಯಿಗಳೂ ಅದಕ್ಕೆ ಒಗ್ಗಿಕೊಂಡಿವೆ. ಈಗಿನದು ರಾಜ್ಯ ಸರ್ಕಾರದ ಕಂಪನಿ, ಶುರುವಾದದ್ದು 1947ರಲ್ಲಿ, ನಿಜಾಮರ ರಾಜ್ಯದ ಕೊನೆಯ ದಿನಗಳಲ್ಲಿ. ನಾನು ಹುಡುಕುವುದು ಅದಕ್ಕಿಂತ ಹಿಂದಿನ ಕುಂಪಣಿ.

ಅದರ ಹುಟ್ಟೇ ಒಂದು ಹಗರಣ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1851ರಲ್ಲಿ ಎದ್ದ ಚಿನ್ನದ ಹುಚ್ಚು ನ್ಯೂಜಿಲೆಂಡಿಗೆ ಹಾರಿತು. ಅಲ್ಲಿ ಸಿಪಾಯಿಯಾಗಿದ್ದ ಮೈಕೆಲ್ ಲ್ಯಾವೆಲ್ 1870ರ ದಶಕದಲ್ಲಿ ಕೋಲಾರದ ನೆಲ ಅಗೆಯಲು ಮೈಸೂರು ಸರ್ಕಾರದ ಅನುಮತಿ ಪಡೆದ. ವಿಕ್ಟೋರಿಯಾದ ಬ್ರೌ ಸ್ಮಿತ್ ವಯನಾಡಿಗೆ ಬಂದು ವರದಿ ಬರೆದ, ಲಂಡನ್ನಿನಲ್ಲಿ ಷೇರುಗಳು ಗಾಳಿಪಟವಾದವು, ನಾಲ್ಕಾರು ವರ್ಷದಲ್ಲಿ ದಾರವೂ ಹರಿಯಿತು. ಅದೇ ಗಾಳಿಯಲ್ಲಿ 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ನಿಜಾಮರಿಂದ 99 ವರ್ಷಗಳ ಗಣಿ ಹಕ್ಕು ಪಡೆಯಿತು. ಹಕ್ಕು ಪಡೆದವರು ದುಡ್ಡು ಹಾಕದೆ ಸಿಕ್ಕ ಷೇರುಗಳನ್ನು ತಿರುಗಿಸಿ ನಿಜಾಮರ ಸರ್ಕಾರಕ್ಕೇ ಮಾರಿದ್ದು ಬಯಲಾಯಿತು, 1888ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿಚಾರಣೆ ನಡೆಯಿತು, ಮಧ್ಯಸ್ಥಿಕೆ ವಹಿಸಿದ್ದ ಸರ್ದಾರ್ ಅಬ್ದುಲ್ ಹಕ್ ಅಧಿಕಾರ ಕಳೆದುಕೊಂಡ. ಆ ವಿಚಾರಣೆಯ ಪ್ರತಿ ಮಾತೂ ಅಚ್ಚಾಗಿದೆ.

ಕಾಗದವೇನೋ ಉಂಟು. ಕುಂಪಣಿಯ ಲೆಕ್ಕ ಇಂಗ್ಲಿಷಿನಲ್ಲಿ. ನಿಜಾಮರ ಕಚೇರಿಯ ಭಾಷೆ ಮೊದಲು ಫಾರಸಿ, 1880ರ ದಶಕದಿಂದ ಉರ್ದು. ಗಣಿಯೊಳಗಿನವನು ಉಸಿರು ಬಿಗಿಹಿಡಿದು ದೇವರನ್ನು ಕರೆದದ್ದು ಕನ್ನಡದಲ್ಲಿ. ಹೈದರಾಬಾದಿನ ತಾರ್ನಾಕದಲ್ಲಿರುವ ದಫ್ತರಖಾನೆಯ ಮೇಜಿನ ಮುಂದೆ ಕೂತಾಗ ನನಗೆ ಅನ್ನಿಸಿದ್ದು ಇದೇ: ಲಿಪಿ ಎರಡಿವೆ, ಅವನು ಎರಡರಲ್ಲೂ ಬರೀ ತಲೆಯೆಣಿಕೆ.

ಹಟ್ಟಿಯ ಹಳೆ ಓಣಿಯಲ್ಲಿ ಒಬ್ಬ ನಿವೃತ್ತ ಗಣಿ ಕಾರ್ಮಿಕರು ನನಗಾಗಿ ಕಾಯುತ್ತಿದ್ದಾರೆ. ಎಪ್ಪತ್ತು ದಾಟಿದೆ, ಮಾತಾಡುವಾಗ ನಡುನಡುವೆ ಉಸಿರಿಗೆ ನಿಲ್ಲುತ್ತಾರೆ. "ಕುಂದ್ರಿ, ಕುಂದ್ರಿ. ಮೊದಲು ನೀರು ಕುಡೀರಿ." ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತರುತ್ತಾರೆ. ದೇವರ ಜಗಲಿಯಿಂದ ಒಂದು ಕುಂಕುಮದ ಡಬ್ಬಿ ಇಳಿಯುತ್ತದೆ. ಅದರೊಳಗೆ ಅರಿಶಿನದ ಬಟ್ಟೆ, ಬಟ್ಟೆಯೊಳಗೆ ಒಂದು ಹಿತ್ತಾಳೆ ಬಿಲ್ಲೆ.

ಅಂಗೈಯ ಮೇಲಿಟ್ಟು ನೋಡುತ್ತೇನೆ. ಹಳೆಯ ರೂಪಾಯಿಗಿಂತ ಒಂಚೂರು ದೊಡ್ಡದು. ಮೇಲ್ಗಡೆ ಒಂದು ತೂತು, ಮೊಳೆಗೆ ನೇತುಹಾಕಿ ತೂತಿನ ಅಂಚು ಒಂದೇ ಕಡೆ ಸವೆದು ಹನಿಯ ಆಕಾರವಾಗಿದೆ. ನಡುವೆ ಮೂರು ಅಂಕಿ ಒತ್ತಿದ್ದಾರೆ. ಮೊದಲೆರಡು ಕೈಗೆ ತಾಗುತ್ತವೆ. ಮೂರನೆಯದು ಮೂರೋ ಎಂಟೋ, ಉಗುರಿನಿಂದ ಸವರಿದರೂ ತಿಳಿಯುವುದಿಲ್ಲ. ಹಿಂದುಗಡೆ ಏನೂ ಇಲ್ಲ.

"ನಮ್ ಮುತ್ಯಾಂದು. ಕುಂಪಣಿ ಕಾಲದ್ದು," ಎನ್ನುತ್ತಾರೆ. "ಇಳಿಯೂ ಮುಂದ ಬಿಲ್ಲಿ ಕೊಡೂದು, ಮ್ಯಾಲ ಬಂದು ತಗೊಳ್ಳೂದು. ಪಾಳಿ ಮುಗದ ಮ್ಯಾಲೂ ಬಿಲ್ಲಿ ಮೊಳಿಗೇ ಇತ್ತಂದ್ರ ಮನಿಶಾ ಒಳಗ ಅದಾನಂತ ಲೆಕ್ಕ. ಆಗ ಹುಡುಕಾಕ ಹೋಗತಿದ್ರು."

"ಬಿಲ್ಲಿ ಮನಿಗೆ ಹೆಂಗ ಬಂತು?"

"ಗಣಿ ಮುಚ್ಚಿದ ದಿನ ವಾಪಸ್ ಕೊಡಲಿಲ್ಲಂತ ಮುತ್ಯಾ. ಪಗಾರ ಬಾಕಿ ಇತ್ತಂತ, ಅದು ಕೊಡಲಿಲ್ಲ, ಇಂವ ಇದು ಕೊಡಲಿಲ್ಲ." ನಗಲು ಹೋಗಿ ಕೆಮ್ಮುತ್ತಾರೆ.

ಕುಂಪಣಿಯವರು ಮೊದಲು ವಂದಲಿಯಲ್ಲಿ ಅಗೆದರು, ಆಮೇಲೆ ಹಟ್ಟಿಗೆ ಬಂದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ದುಡ್ಡು ಸಾಲದೆ ಗಣಿ ಕುಂಟಿತು, 1920ರ ಹೊತ್ತಿಗೆ ಮುಚ್ಚಿತು. ಆ ನಡುವಿನ ಯಾವುದೋ ಒಂದು ದಿನಕ್ಕೆ ಮುತ್ಯಾನ ಬೆನ್ನಿಗೆ ಇಳಿಯೋಣ. 1912 ಎಂದುಕೊಳ್ಳಿ. ಮೇಲೆ ನೆಲ ಕಾದು ಕೆಂಡವಾಗಿದೆ, ಒಳಗೆ ಇಳಿದಂತೆ ಮೊದಲು ತಣ್ಣಗೆ, ಆಮೇಲೆ ಬೇರೆಯೇ ಬಗೆಯ ಸೆಕೆ. ಬತ್ತಿಯ ಬೆಳಕು ಒಂದು ಮಾರು ದೂರ, ಅದರಾಚೆ ಗವ್ವೆನ್ನುವ ಕತ್ತಲೆ. ಒಬ್ಬ ಉಳಿ ಹಿಡಿಯುತ್ತಾನೆ, ಇನ್ನೊಬ್ಬ ಸುತ್ತಿಗೆ ಎತ್ತುತ್ತಾನೆ. ಹಿಡಿದವನು ಏಟಿಗೊಮ್ಮೆ ಉಳಿಯನ್ನು ಒಂಚೂರು ತಿರುಗಿಸಬೇಕು, ಇಲ್ಲದಿದ್ದರೆ ಕಲ್ಲು ಕಚ್ಚಿಕೊಳ್ಳುತ್ತದೆ. ಏಟು ತಪ್ಪಿದರೆ ಮಣಿಕಟ್ಟು ಹೋಯಿತು. ತೂತಿಗೆ ಮದ್ದು ತುಂಬಿ ಬತ್ತಿ ಹಚ್ಚಿ ಓಡುತ್ತಾರೆ. ಗುಡುಗಿನ ನಂತರ ಹೊಗೆ, ಹೊಗೆಯ ಹಿಂದೆ ಬಿಳಿ ಧೂಳು. ಬೆಣಚಿನ ಧೂಳು ಹೊಳೆಯುತ್ತದೆ, ಚಿನ್ನವಲ್ಲ. ಅದನ್ನು ಎದೆಯ ತುಂಬ ತುಂಬಿಕೊಂಡು ಅದಿರು ಗೋರುತ್ತಾರೆ. ಮೇಲೆ ಅದನ್ನು ಪುಡಿಗುಟ್ಟಿ, ಪಾದರಸಕ್ಕೆ, ಸಯನೈಡಿಗೆ ಒಪ್ಪಿಸುತ್ತಾರೆ. ಮುತ್ಯಾ ಚಿನ್ನವನ್ನು ಚಿನ್ನವಾಗಿ ಒಮ್ಮೆಯಾದರೂ ನೋಡಿದನೇ ಎಂದು ಕೇಳಿದೆ. "ಎಲ್ಲಿಂದ್ರಿ! ಅವ್ವನ ಕಿವ್ಯಾಗ ಗುಂಡಾ ಇದ್ದದ್ದೂ ಬಡ್ಡಿಯವನ ಪಾಲಾತು."

ಅವನಿಗೂ ಮೊದಲು ಇಲ್ಲಿ ಜನ ಇಳಿದಿದ್ದರು. ಕುಂಪಣಿಯವರು ಚಿನ್ನ ಕಂಡುಹಿಡಿದದ್ದೇ ಹಳೆಯ ಗುಂಡಿಗಳ ಜಾಡು ಹಿಡಿದು. ಹಟ್ಟಿಯ ಹಳೆಯ ಅಗೆತ ಸುಮಾರು 640 ಅಡಿ ಆಳದವರೆಗೆ ಹೋಗಿದೆ, ಅಲ್ಲಿ ಸಿಕ್ಕ ಕಟ್ಟಿಗೆಯನ್ನು ಕಾರ್ಬನ್ ಪರೀಕ್ಷೆ ಮಾಡಿದಾಗ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಹಿಂದಿನದೆಂದು ತಿಳಿಯಿತು. ಮದ್ದಿಲ್ಲದ ಕಾಲ. ಬಂಡೆಗೆ ಬೆಂಕಿ ಕೊಟ್ಟು ಕಾಯಿಸಿ, ನೀರು ಹೊಯ್ದು ಸೀಳುತ್ತಿದ್ದರು. ಹೊಗೆ ಹೋಗಲು ದಾರಿ ಎಲ್ಲಿತ್ತೋ ಶಿವನೇ ಬಲ್ಲ. ಊರಾಚೆಯ ಬಂಡೆಗಳಲ್ಲಿ ಒರಳಿನಂಥ ಕುಳಿಗಳಿವೆ, ಅದಿರು ಅರೆದು ಅರೆದು ಆದವು. ಸಂಜೆ ಅಲ್ಲೊಂದು ಕುಳಿಯಲ್ಲಿ ಕೈಯಿಟ್ಟೆ. ಒಳಮೈ ನುಣುಪು, ಅಡುಗೆಮನೆಯ ಒರಳಿನಷ್ಟೇ. ಅರೆದವರು ಹೆಂಗಸರೋ ಗಂಡಸರೋ, ಕೂಲಿಗೋ ಜೀತಕ್ಕೋ, ಕಲ್ಲು ಹೇಳುವುದಿಲ್ಲ.

"ಮುತ್ಯಾ ಹೆಂಗ ಹೋದ್ರು?" ಎಂದು ನಾನು ಕೇಳಿದ್ದು ಮಜ್ಜಿಗೆ ಮುಗಿದ ಮೇಲೆ.

"ದಮ್ಮು ಹತ್ತಿ. ನಲವತ್ತೂ ಆಗಿರಲಿಲ್ಲಂತ. ಯಾರೋ ಮಾಟ ಮಾಡಿಸ್ಯಾರ ಅಂದ್ರಂತ, ಕೋಳಿ ಕೊಯ್ದ್ರಂತ."

ಕಲ್ಲಿನ ಧೂಳು ಎದೆಗಿಳಿದು ಬರುವ ಸಿಲಿಕೋಸಿಸ್ ಎಂಬ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಗಣಿಯಿಂದ. ಅಷ್ಟು ಹೊತ್ತಿಗೆ ಹಟ್ಟಿಯ ಕುಂಪಣಿ ಎದ್ದು ಹೋಗಿ ಹದಿನಾಲ್ಕು ವರ್ಷ. ಮನುಷ್ಯನಿಗೂ ಕಾಗದದಲ್ಲಿ ಹೆಸರಿರಲಿಲ್ಲ, ಅವನನ್ನು ಕೊಂದ ರೋಗಕ್ಕೂ ಇರಲಿಲ್ಲ.

ನೋಟ್‌ಬುಕ್ ತೆಗೆದು ಮುತ್ಯಾನ ಹೆಸರು ಕೇಳಿದೆ. ಹೇಳಿದರು. ಅಪ್ಪನ ಹೆಸರು, ಊರು, ಬೆಡಗು, ಎಷ್ಟು ಮಕ್ಕಳು. ಎತ್ತರ? ಅವರು ಎದ್ದು ನಿಂತು ಬಾಗಿಲಿನ ಚೌಕಟ್ಟಿನ ಕಡೆ ಕೈ ಎತ್ತಿದರು. "ಈ ಬಾಗಲಕ್ಕ ಬಗ್ಗಿ ಬರತಿದ್ನಂತ. ನಮ್ ಅವ್ವ ಹೇಳಾಕಿ." ಹೆಂಡತಿ ಒಳಗಿನಿಂದ ಟೇಪು ತಂದರು. ಅಳೆದೆ: ಐದು ಅಡಿ ಎಂಟು ಇಂಚು. ಹಾಗಾದರೆ ಮುತ್ಯಾ ಅದಕ್ಕಿಂತ ಎತ್ತರ. ಬರೆದುಕೊಂಡೆ. ಹೊರಡುವಾಗ ಅವರು, "ಪೇಪರ್‌ನಾಗ ಹೆಸರು ಹಾಕಬ್ಯಾಡ್ರಿ, ನಿಮ್ ಪುಸ್ತಕದಾಗ ಇರಲಿ," ಎಂದರು. ಹಾಗಾಗಿ ಇಲ್ಲಿ ಹಾಕಿಲ್ಲ.

ಹಟ್ಟಿ, ವಂದಲಿ, ಮಸ್ಕಿ, ದೇವದುರ್ಗದ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ಮನೆಯ ಜಗಲಿಯ ಮೇಲೋ ಹಳೇ ಟ್ರಂಕಿನ ತಳದಲ್ಲೋ ತೂತಿರುವ ಹಿತ್ತಾಳೆ ಬಿಲ್ಲೆ ಇದ್ದರೆ ಗುಜರಿಯವನ ತಕ್ಕಡಿಗೆ ಹಾಕಬೇಡಿ. ಒಂದು ಚೀಟಿಯಲ್ಲಿ ಅದರ ನಂಬರು, ಅದು ಯಾರದು, ಅವರು ಹೇಗೆ ಹೋದರು ಎಂದು ಕನ್ನಡದಲ್ಲಿ ಬರೆದು ಅದರ ಜೊತೆಗೇ ಕಟ್ಟಿಡಿ. ಮನೆಯ ಹಿರಿಯರು ಇರುವಾಗಲೇ ಬರೆಯಿರಿ.